ಕೊನೆಯ ಹಾಡಿನ ಮೊದಲ ದನಿ

ಟಕ್.

ಕ್ಯಾಸೆಟ್ಟು ಮುಗಿದು ಟೇಪ್ ರೆಕಾರ್ಡರಿನ ಗುಂಡಿ ತಾನಾಗಿಯೇ ಮೇಲೆ ಹಾರಿದ ಸದ್ದು. ಹಗಲಾಗಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹೊಸಹಳ್ಳಿಯ ಬೀದಿನಾಯಿಗಳೂ ಬೊಗಳಿ ಸಾಕಾಗಿ ಮಲಗಿದ್ದ ಆ ಹೊತ್ತಿನಲ್ಲಿ ಮಾತ್ರ ಅದು ಹೆಂಚಿನ ಮೇಲೆ ಕಲ್ಲು ಬಿದ್ದಂತೆ ಕೇಳಿಸಿತು. ವನಜಾಕ್ಷಿ ಹೊದಿಕೆಯೊಳಗೇ ಉಸಿರು ಬಿಗಿಹಿಡಿದಳು. ಗೋಡೆಯಾಚೆ ಕೊಟ್ಟಿಗೆಯಲ್ಲಿ ಹಸು ಒಮ್ಮೆ ಕೊರಳು ಕೊಡವಿತು. ಅದರ ಹಿಂದೆಯೇ ಅವ್ವನ ದನಿ ಬಂತು.

"ಮುಗೀತೇನವ್ವ ನಿನ್ನ ಡಬ್ಬದ ಪೂಜೆ?"

"ಮುಗೀತು. ನೀನು ಮಲಕ್ಕೊ."

"ಮಲಗ್ದೆ ಇನ್ನೇನು. ಕೋಳಿ ಕೂಗೋಕೆ ಮುಂಚೆ ಹೊರಡ್ಬೇಕು." ಅಂಜನಮ್ಮ ಮಗ್ಗುಲು ಬದಲಿಸಿದಳು, ಕತ್ತಲಲ್ಲಿ ಬಳೆ ಸದ್ದಾಯಿತು. "ಅಂದಂಗೆ ಮರ್ತೇ ಹೋಗಿತ್ತು ಕಣೆ. ಬಸವೇಶ್ವರನಗರದಾಗೆ ಆ ಹೂವಿನ ಗೇಟಿನ ಮನೆ ಐತಲ್ಲ, ಆ ಮನೆ ಉದ್ದ ಕೂದ್ಲು ಹುಡ್ಗ, ಅವನೂ ಇವತ್ತು ಇಂಥದೇ ಡಬ್ಬ ತಗೊಂಬಂದು ಹಸಿನ ಪಕ್ಕ ಕುಕ್ಕರುಗಾಲಲ್ಲಿ ಕುಂತ್ಕಂಡ. ನಾನು ಹಾಲು ಕರೀತಾ ಇದ್ರೆ ಅದನ್ನ ತಂದು ನನ್ನ ಬಾಯಿ ಹತ್ರ ಹಿಡೀತಾನೆ. ಏನ್ ಸ್ವಾಮಿ, ಕಚ್ಚುತ್ತಾ ಇದು ಅಂದೆ. ಇಲ್ಲಮ್ಮ, ನಾವು ಹೊಸ ಕ್ಯಾಸೆಟ್ಟು ಮಾಡ್ತಾ ಇದೀವಿ, ನಿಮ್ಮ ದನಿ ಹಾಕ್ಕೊಳ್ಳಲಾ ಅಂದ. ಹಾಕ್ಕಳಪ್ಪ, ದನಿಗೇನು ಹುಲ್ಲು ಹಾಕ್ಬೇಕಾ ಅಂದೆ!"

ತನ್ನ ಮಾತಿಗೆ ತಾನೇ ನಗುತ್ತಾ ಅಂಜನಮ್ಮ ನಿದ್ದೆಹೋದಳು. ವನಜಾಕ್ಷಿಗೆ ಮಾತ್ರ ಬೆಳಗಿನವರೆಗೆ ನಿದ್ದೆ ಹತ್ತಲಿಲ್ಲ.

ಯಾಕೆಂದರೆ ಆ ಉದ್ದ ಕೂದಲಿನ ಹುಡುಗ ಪದ್ಮನಾಭ. ಅವಳ ಟೇಪ್ ರೆಕಾರ್ಡರಿನಲ್ಲಿ ಆಗಷ್ಟೇ ಮುಗಿದಿದ್ದದ್ದು ಅವನ ಹಾಡು.

'ಲಾಸ್ಟ್ ಸ್ಟಾಪ್' ಎಂಬುದು ನಾಲ್ಕು ಹುಡುಗರ ರಾಕ್ ಬ್ಯಾಂಡು. ಆಗ ಎಂಬತ್ತಾರನೇ ಇಸವಿ. ಬಸ್ಸಿನ ಕೊನೆಯ ನಿಲ್ದಾಣದ ಪಕ್ಕದ ಓಣಿಯಲ್ಲಿ ಪದ್ಮನಾಭನ ಮನೆಯಿದ್ದುದರಿಂದ ಆ ಹೆಸರು. ಎರಡು ವರ್ಷದ ಹಿಂದೆ ಅವರ ಮೊದಲ ಕ್ಯಾಸೆಟ್ಟು ಬಂದಾಗ ವನಜಾಕ್ಷಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಹಾಡುಗಳೆಲ್ಲ ಇಂಗ್ಲಿಷಿನವು. ಮುಗಿಯದ ಹೆದ್ದಾರಿ, ಹಿಮ ಬಿದ್ದ ಊರು, ಮಧ್ಯರಾತ್ರಿ ಹೊರಡುವ ರೈಲು. ಆ ನಾಲ್ವರಲ್ಲಿ ಯಾರೂ ಹಿಮ ಕಂಡವರಲ್ಲ. ಕಂಡಿದ್ದರೆ ಹಾಡು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ. ಆ ಹಾಡುಗಳಲ್ಲಿ ಕೊಟ್ಟಿಗೆಯಿರಲಿಲ್ಲ, ಹಿಂಡಿಯ ವಾಸನೆಯಿರಲಿಲ್ಲ, ಹೊಸಹಳ್ಳಿಯಿರಲಿಲ್ಲ. ಗಿಟಾರು ಶುರುವಾದರೆ ಸಾಕು, ವನಜಾಕ್ಷಿ ಎಂಬ ಹೆಸರೂ ಇರದ ಯಾರೋ ಒಬ್ಬಳು ತಲೆಯೆತ್ತಿ ನಡೆದುಹೋಗುತ್ತಿದ್ದಳು. ಆ ಯಾರೋ ಒಬ್ಬಳಿಗಾಗಿಯೇ ಅವಳು ಕ್ಯಾಸೆಟ್ಟು ಜಾಳಾಗುವಷ್ಟು ಸಲ ಕೇಳಿದ್ದಳು. ಓದು ಮುಗಿಸಿ ರಾಜಾಜಿನಗರದ ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರಾದ ಮೇಲೆ, ಮೊದಲ ಸಂಬಳದಲ್ಲಿ ಕೊಂಡದ್ದು ಸೀರೆಯಲ್ಲ, ಈ ಟೇಪ್ ರೆಕಾರ್ಡರು.

ಪದ್ಮನಾಭನ ತಂಗಿ ವತ್ಸಲಾ ಕಾಲೇಜಿನಲ್ಲಿ ಅವಳ ಪಕ್ಕದ ಬೆಂಚಿನವಳು. ಮೊದಲ ಕ್ಯಾಸೆಟ್ಟಿನ ಬಗ್ಗೆ ವನಜಾಕ್ಷಿ ಕಾಲೇಜಿನ ಗೋಡೆಪತ್ರಿಕೆಗೆ ಒಂದು ಬರಹ ಬರೆದಿದ್ದಳು. ಪದ್ಮನಾಭ ಅದನ್ನು ಕಿತ್ತು ತಂದು ಮನೆ ಪಕ್ಕದ ತಮ್ಮ ಅಭ್ಯಾಸದ ಶೆಡ್ಡಿನಲ್ಲಿ ಅಂಟಿಸಿಕೊಂಡಿದ್ದ. "ನಮ್ಮ ಹಾಡು ಏನು ಅಂತ ನಮಗೇ ಗೊತ್ತಿರಲಿಲ್ಲ, ಇವರು ಹೇಳಿದ್ರು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅಂದಿನಿಂದ ಭಾನುವಾರದ ಸಂಜೆ ಅವಳು ಆ ಶೆಡ್ಡಿಗೆ ಹೋಗುವುದು ರೂಢಿಯಾಯಿತು.

ಮೊದಲ ಸಲ ವತ್ಸಲಾಳ ಜೊತೆ ಹೋದಾಗ, ತಾವರೆ ಹೂವಿನ ಚಿತ್ತಾರದ ಕಬ್ಬಿಣದ ಗೇಟು ನೋಡಿ ಅವಳ ಕಾಲು ಅಲ್ಲೇ ನಿಂತುಬಿಟ್ಟಿತ್ತು. ಅವ್ವ ದಿನಾ ಬೆಳಿಗ್ಗೆ ಹೇಳುವ ಹೂವಿನ ಗೇಟಿನ ಮನೆ ಇದೇ. ಗೇಟಿನ ಪಕ್ಕದ ಮಣ್ಣಿನಲ್ಲಿ ತಮ್ಮ ಮನೆಯ ಹಸುವಿನ ಗೊರಸಿನ ಗುರುತು. ಅಷ್ಟರಲ್ಲಿ ವತ್ಸಲಾ, "ನಿಮ್ಮನೇಲಿ ಯಾರ್ಯಾರಿದೀರ?" ಎಂದು ಕೇಳಿದ್ದಳು.

"ಅಪ್ಪ ಇಲ್ಲ. ಅಮ್ಮ ಮನೇಲೇ ಇರ್ತಾರೆ."

ಸುಳ್ಳಲ್ಲ. ಬಿಸಿಲೇರಿದ ಮೇಲೆ ಅವ್ವ ಮನೆಯಲ್ಲೇ ಇರುತ್ತಿದ್ದಳು. ವನಜಾಕ್ಷಿ ಮಾತನ್ನು ಅಳೆದು ಆಡುವವಳು. ಆ ಮನೆಯ ಗೇಟು ದಾಟಿದೊಡನೆ ಅವ್ವ ಅಮ್ಮನಾಗುತ್ತಿದ್ದಳು, ಹೊಸಹಳ್ಳಿ ಪಕ್ಕದ ಬಡಾವಣೆ ವಿಜಯನಗರವಾಗುತ್ತಿತ್ತು. ಅವ್ವನಿಗೂ ತಾನು ಹೋಗುವುದು ಯಾವ ಮನೆಗೆಂದು ಹೇಳಿರಲಿಲ್ಲ. "ರಾಜಾಜಿನಗರದ ಫ್ರೆಂಡ್ ಮನೆ" ಎಂದಿದ್ದಳು. ಅವ್ವನ ಹೊತ್ತು ಬೆಳಗಿನದು, ತನ್ನದು ಸಂಜೆಯದು. ಎರಡೂ ಒಂದೇ ಗೇಟಿನಲ್ಲಿ ಎಂದೂ ಎದುರಾಗವು ಎಂದು ಧೈರ್ಯವಾಗಿದ್ದಳು. ಒಂದು ಮಳೆಯ ದಿನ ಕೊಡೆಯನ್ನು ಅವರ ಜಗಲಿಯಲ್ಲೇ ಮರೆತು ಬಂದು, ಮುಂದಿನ ಭಾನುವಾರದವರೆಗೂ ಒದ್ದಾಡಿದ್ದುಂಟು. ಅದೂ ದಾಟಿಹೋಗಿತ್ತು.

ಈಗ ಅವ್ವನ ದನಿಯೇ ಕ್ಯಾಸೆಟ್ಟಿನ ಮೇಲೆ ಹತ್ತಿ ಬರುವುದರಲ್ಲಿತ್ತು.

*

ಹೊಸ ಕ್ಯಾಸೆಟ್ಟನ್ನು ಕಂಪನಿಗೆ ಕೊಡುವ ಮುಂಚೆ ಹತ್ತಿರದವರಿಗೆಲ್ಲ ಒಮ್ಮೆ ಕೇಳಿಸುವುದೆಂದು ಗೊತ್ತಾಯಿತು. ಆ ಭಾನುವಾರ ಶೆಡ್ಡು ತುಂಬಿತ್ತು. ಮುಂದೊಂದು ದಿನ ಕಾರು ಕೊಳ್ಳಬಹುದೆಂದು ಪದ್ಮನಾಭನ ತಂದೆ ವೆಂಕಟಗಿರಿಯವರು ಕಟ್ಟಿಸಿದ್ದ ಶೆಡ್ಡು ಅದು. ಕಾರು ಬರಲಿಲ್ಲ, ಅದರ ಜಾಗಕ್ಕೆ ಮುನಿರಾಜುವಿನ ಡ್ರಮ್ಮು ಬಂತು. ಮುನಿರಾಜು ಹೇರೋಹಳ್ಳಿಯವನು, ಹಗಲು ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ಸಂಜೆ ಡ್ರಮ್ಮು ಬಡಿಯುತ್ತಿದ್ದ.

ಪದ್ಮನಾಭ ಇನ್ನೇನು ಕ್ಯಾಸೆಟ್ಟನ್ನು ಡೆಕ್ಕಿನೊಳಗೆ ಹಾಕಬೇಕು, ಅವನ ತಾಯಿ ಅಲಮೇಲು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು.

"ತಡಿಯೋ. ಹೊಸ ವಸ್ತು, ಒಂದು ಚೂರು ಕುಂಕುಮ ಇಡದೆ ಹಾಗೇ ತುರುಕ್ತೀಯಲ್ಲ!"

"ಅಮ್ಮಾ, ಇದು ರಾಕ್ ಮ್ಯೂಸಿಕ್ಕು."

"ರಾಕು ಅಂದ್ರೆ ಕಲ್ಲು ತಾನೆ? ನಾವು ಪೂಜೆ ಮಾಡೋದೂ ಕಲ್ಲಿಗೇ ಕಣೋ."

ಎಲ್ಲರೂ ಹೋ ಎಂದು ನಕ್ಕರು. "ಆಂಟಿ, ನನ್ನ ಡ್ರಮ್ಮಿಗೂ ಒಂದು ಬೊಟ್ಟು ಇಟ್ಬಿಡಿ, ಹೋದ ಸಲ ಹರಿದೋಯ್ತು" ಎಂದ ಮುನಿರಾಜು. ಕ್ಯಾಸೆಟ್ಟಿಗೆ ಊದುಬತ್ತಿ ಬೆಳಗಿ, ಡ್ರಮ್ಮಿಗೂ ಕುಂಕುಮ ಹಚ್ಚಿ, ಕಾಯಿ ಒಡೆದಾಯಿತು. ಕಾಯಿಯ ನೀರು ಡೆಕ್ಕಿಗೆ ಸಿಡಿಯದಂತೆ ವತ್ಸಲಾ ಸೆರಗು ಅಡ್ಡ ಹಿಡಿದಳು. ವನಜಾಕ್ಷಿ ಮೂಲೆಯಲ್ಲಿ ಗೋಡೆಗೆ ಒರಗಿ, ಬಾಗಿಲು ಎಷ್ಟು ದೂರದಲ್ಲಿದೆ ಎಂದು ನೋಡಿಕೊಂಡಳು.

ಹಾಡು ಶುರುವಾಯಿತು. ಮೊದಲನೆಯದಕ್ಕೇ ಅವಳ ಮುಖ ಬಾಡಿತು. ಹೆದ್ದಾರಿಯಿಲ್ಲ, ರೈಲಿಲ್ಲ. ಇಂಗ್ಲಿಷಿನ ನಡುನಡುವೆ ಕನ್ನಡ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು ಎನ್ನುವ ಹಾಡು, ಕಾರ್ಖಾನೆಯ ಸೈರನ್ನು ಎನ್ನುವ ಹಾಡು. ಗಿಟಾರು ಮೊದಲಿನಂತೆ ಹಾರುತ್ತಿರಲಿಲ್ಲ, ನೆಲದ ಮೇಲೆ ಚಪ್ಪಲಿ ಎಳೆದುಕೊಂಡು ನಡೆಯುತ್ತಿತ್ತು. ತಾನು ಯಾವ ಬೀದಿಯಿಂದ ತಪ್ಪಿಸಿಕೊಳ್ಳಲು ಇವರ ಬೆನ್ನುಹತ್ತಿದ್ದೆನೋ, ಅದೇ ಬೀದಿಗೆ ಇವರು ತನ್ನನ್ನು ಕೈಹಿಡಿದು ತಂದು ಬಿಡುತ್ತಿದ್ದಾರೆ ಎನಿಸಿತು. ಸಿಟ್ಟೇ ಬಂತು. ಆದರೂ ನಲ್ಲಿಯ ಹಾಡಿನಲ್ಲಿ ಒಂದು ಕಡೆ, ನೀರು ನಿಂತುಹೋದಾಗ ಡ್ರಮ್ಮು ಸುಮ್ಮನಾಗುತ್ತದಲ್ಲ, ಅಲ್ಲಿ ಅವಳು ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. ಇಷ್ಟವೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ಗೆಳತಿಯೊಬ್ಬಳು ಹೇಳದೆ ಕೇಳದೆ ನಮ್ಮ ಅಡಿಗೆಮನೆಗೇ ನುಗ್ಗಿಬಂದಂತೆ ಇತ್ತು.

ಕೊನೆಯ ಹಾಡು ಬಂತು.

ಮೊದಲು ಠಣ್, ಠಣ್, ಠಣ್. ಹಿತ್ತಾಳೆಯ ಚೊಂಬಿನ ತಳಕ್ಕೆ ಅಂಗೈಯಿಂದ ತಟ್ಟಿದ ಸದ್ದು. ಮನೆಬಾಗಿಲಿಗೆ ಹಸು ಹೊಡೆದುಕೊಂಡು ಬಂದು ಅಲ್ಲೇ ಕರೆದುಕೊಡುವವರೆಲ್ಲ, ಚೊಂಬಿನಲ್ಲಿ ಮೊದಲೇ ನೀರಿಲ್ಲ ಎಂದು ತೋರಿಸಲು ಅದನ್ನು ಬೋರಲು ಹಾಕಿ ತಟ್ಟಬೇಕು. ಅದು ವಾಡಿಕೆ. ಉಳಿದವರು ಒಮ್ಮೆ ಮೆಲ್ಲಗೆ ತಟ್ಟಿ ಮುಗಿಸುತ್ತಾರೆ. ಅಂಜನಮ್ಮನದು ಮೂರು ಪೆಟ್ಟು, ಬೀದಿಗೆಲ್ಲ ಕೇಳಬೇಕು. ಆಮೇಲೆ ಅವಳ ಮಾತು.

"ನೋಡ್ಕಳಿ ಅಮ್ಮಾ, ಒಂದು ತೊಟ್ಟೂ ಇಲ್ಲ!"

ಕ್ಯಾಸೆಟ್ಟಿನೊಳಗಿಂದ ಅವ್ವ ಕೂಗಿದಳು. ಅದರ ಬೆನ್ನಿಗೇ ಖಾಲಿ ಚೊಂಬಿಗೆ ಹಾಲಿನ ಧಾರೆ ಬೀಳುವ ಸದ್ದು, ಚೊರ್ ಚೊರ್, ಚೊರ್ ಚೊರ್. ಆ ಲಯವನ್ನು ಹಿಡಿದು ಮುನಿರಾಜುವಿನ ಡ್ರಮ್ಮು ಮೆಲ್ಲಗೆ ಎದ್ದಿತು. ಚೊಂಬು ತುಂಬುತ್ತಾ ಬಂದಂತೆ ಸದ್ದು ಗಟ್ಟಿಯಾಗಿ, ನೊರೆಯಾಗಿ, ಕೊನೆಗೆ ಗಿಟಾರು ಅದರ ಮೇಲೆ ಉಕ್ಕಿ ಬಂತು. ವನಜಾಕ್ಷಿಗೆ ಮೈ ಜುಮ್ಮೆಂದಿತು. ಇದು ಅವರ ಎಲ್ಲ ಹಾಡುಗಳಿಗಿಂತ ದೊಡ್ಡ ಹಾಡು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹಾಡು ಇಳಿದು ಇಳಿದು ಹಾಲಿನ ಕೊನೆಯ ಹನಿಗೆ ಬಂದು ನಿಂತಾಗ ಅವ್ವನ ದನಿ ಮತ್ತೆ, ಈ ಸಲ ಹಸುವಿನ ಕಿವಿಯಲ್ಲಿ ಹೇಳಿದ ಹಾಗೆ.

"ಸಾಕು ಬಿಡವ್ವ. ಉಳಿದಿದ್ದು ಕರೂಗೆ."

ಅಲ್ಲಿಗೆ ಮುಗಿಯಿತು. ಆಮೇಲೆ ಯಾರೋ ಕೀಬೋರ್ಡಿನ ಹಿಂದಿನಿಂದ ಮೂಗಿನಲ್ಲಿ ಕೂಗಿದರು. "ನೋಡ್ಕಳಿ ಅಮ್ಮೋ!" ಶೆಡ್ಡು ನಗುವಿನಲ್ಲಿ ಒಡೆದುಹೋಯಿತು.

"ಅಣ್ಣಾ, ಇದು ನಮ್ಮ ಹಾಲಮ್ಮ ಅಲ್ವೇನೋ?" ಎಂದಳು ವತ್ಸಲಾ, ನಗುತ್ತಾ ಕಣ್ಣೊರೆಸಿಕೊಂಡು.

"ಅವಳೇ ಕಣೆ" ಎಂದರು ಅಲಮೇಲು. "ಬೋರಲು ಹಾಕಿ ತೋರಿಸ್ತಾಳೆ, ತಟ್ತಾಳೆ, ಕಣ್ಣೆದುರಿಗೇ ಕರೀತಾಳೆ. ಆದ್ರೂ ಹಾಲು ಕಾಯಿಸಿದ್ರೆ ನೀರು! ಎಲ್ಲಿಂದ ಬರತ್ತೋ ಆ ಗಂಗಮ್ಮನಿಗೇ ಗೊತ್ತು."

ಮತ್ತೆ ನಗು. ವನಜಾಕ್ಷಿಯೂ ನಕ್ಕಳು. ತನ್ನ ನಗು ಉಳಿದವರ ನಗುವಿಗಿಂತ ಒಂದು ಕ್ಷಣ ತಡವಾಗಿ ಶುರುವಾಗಿ, ಒಂದು ಕ್ಷಣ ಜಾಸ್ತಿ ಉಳಿದದ್ದು ಅವಳಿಗೇ ಕೇಳಿಸಿತು. ನೀರು ಎಲ್ಲಿಂದ ಬರುತ್ತದೆಂದು ಗಂಗಮ್ಮನಷ್ಟೇ ಅವಳಿಗೂ ಗೊತ್ತಿತ್ತು. ಕೆಚ್ಚಲು ತೊಳೆಯುವ ನೆವದಲ್ಲಿ ಅವ್ವನ ಕೈ ಸ್ವಲ್ಪ ಧಾರಾಳ.

ಪದ್ಮನಾಭ ಮಾತ್ರ ನಗುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. "ವನಜಾಕ್ಷಿ, ನೀವು ಹೇಳಿ. ಇವರೆಲ್ಲ ಹಾಗೇ. ನಿಮ್ಮ ಮಾತಿಗೇ ನಾನು ಕಾಯ್ತಾ ಇದ್ದಿದ್ದು."

ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು. ಕ್ಯಾಸೆಟ್ಟು ಅಂಗಡಿಗಳಿಗೆ ಹೋಗುತ್ತದೆ. ಕಾಲೇಜಿನವರು ಕೊಳ್ಳುತ್ತಾರೆ, ಶಾಲೆಯ ಟೀಚರುಗಳು ಕೇಳುತ್ತಾರೆ. ಯಾವನೋ ಹೊಸಹಳ್ಳಿಯವನು, "ಅರೆ, ನಮ್ಮ ಅಂಜನಮ್ಮ! ವನಜಾಕ್ಷಿ ಟೀಚರ್ ಅವ್ವ!" ಎನ್ನುತ್ತಾನೆ. ಅಷ್ಟು ಸಾಕು. ಅವಳು ನಿಧಾನವಾಗಿ, ಒಂದೊಂದೇ ಮಾತನ್ನು ಆರಿಸಿ ಇಟ್ಟಳು.

"ಹಾಡು ತುಂಬಾ ಚೆನ್ನಾಗಿದೆ. ಆದ್ರೆ ಆ ದನಿ... ಈಗ ಎಲ್ರೂ ನಕ್ಕಿದ್ದು ನೋಡಿದ್ರಲ್ಲ? ಕೇಳೋರೂ ಹೀಗೇ ನಗ್ತಾರೆ. ಪಾಪ, ಹೊಟ್ಟೆಪಾಡಿಗೆ ಕೂಗೋ ಹೆಂಗಸು. ಅವರನ್ನ ಗೇಲಿ ಮಾಡೋಕೆ ಇಟ್ಟ ಹಾಗಿದೆ. ಅದು ನಿಮಗೆ ಶೋಭೆ ತರಲ್ಲ."

ಪದ್ಮನಾಭನ ಮುಖ ಕೆಂಪಾಯಿತು. "ಗೇಲಿಗಲ್ಲ ರೀ. ಆ ದನಿ ಕೇಳೇ ನನಗೆ ಹಾಡು ಹುಟ್ಟಿದ್ದು. ಅವರನ್ನ ಕೇಳಿದ್ದೆ ಕೂಡ. ಹಾಕ್ಕಳಪ್ಪ ಅಂದ್ರು."

"ಅಂದಿರ್ತಾರೆ. ಅವರಿಗೇನು ಗೊತ್ತಾಗತ್ತೆ, ಕ್ಯಾಸೆಟ್ಟು ಅಂದ್ರೇನು ಅಂತ?"

ಅಂದುಬಿಟ್ಟಳು. ಮಾತು ಬಾಯಿಂದ ಹೊರಬಿದ್ದು ಸಿಮೆಂಟು ನೆಲದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕುಳಿತುಕೊಂಡಿತು. ಅಲಮೇಲು, "ನಿಜ ಕಣಮ್ಮ, ಒಳ್ಳೇ ಮಾತು ಹೇಳ್ದೆ. ಬಡವರನ್ನ ಆಡಿಕೊಳ್ಳಬಾರದು" ಎಂದು ತಲೆದೂಗಿದರು.

"ದನಿ ತೆಗೆದ್ರೆ ಹಾಡು ಸತ್ತೋಗತ್ತೆ ಗುರು" ಎಂದ ಮುನಿರಾಜು. "ಆ ಚೊಂಬಿನ ಮೇಲೇ ಅಲ್ವಾ ನಾನು ನಿಂತಿರೋದು?"

"ಆ ಲಯ ನೀನೇ ಡ್ರಮ್ಮಿನಲ್ಲಿ ಬಾರಿಸು ಮಚ್ಚಾ. ವನಜಾಕ್ಷಿ ಹೇಳೋದು ಸರಿ ಇದೆ" ಎಂದ ಪದ್ಮನಾಭ. ಅವನ ದನಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವನ ಅಳುಕಿತ್ತು. ಮಾಡದ ತಪ್ಪಿಗೆ ಅವನು ನಾಚಿಕೊಂಡ. ಮಾಡಿದವಳು ಕಾಯಿಚೂರು ಬಾಯಿಗೆ ಹಾಕಿಕೊಂಡು, ಅಗಿಯಲಾರದೆ ದವಡೆಯಲ್ಲಿಟ್ಟುಕೊಂಡು ಮನೆಗೆ ಬಂದಳು.

*

ಶ್ರಾವಣ ಕಳೆಯುವ ಹೊತ್ತಿಗೆ ಕ್ಯಾಸೆಟ್ಟು ಅಂಗಡಿಗೆ ಬಂತು. ಜನ ಮೆಚ್ಚಿದರು. ವತ್ಸಲಾ, "ಈ ಸಲಾನೂ ಏನಾದ್ರೂ ಬರಿಯೇ" ಎಂದು ದುಂಬಾಲುಬಿದ್ದಳು. ವನಜಾಕ್ಷಿ ಇವತ್ತು ನಾಳೆ ಎಂದು ಮುಂದೂಡಿದಳು. ಪದ್ಮನಾಭ ಒಂದು ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಕೊನೇ ಹಾಡಲ್ಲಿ ಏನೋ ಕಮ್ಮಿ ಇದೆ ಅನ್ಸಲ್ವಾ ನಿಮಗೆ? ಬಾಗಿಲು ತೆಗೀದೇನೇ ಒಳಗೆ ಹೋದ ಹಾಗಿದೆ" ಎಂದ.

"ನನಗೇನೂ ಹಾಗೆ ಅನ್ನಿಸಲಿಲ್ಲ" ಎಂದಳು.

ಅವಳಿಗೆ ಅನ್ನಿಸಿದ್ದು ಅದೊಂದೇ. ಬೇರೆ ಹಾಡುಗಳು ಕೇಳುತ್ತಾ ಕೇಳುತ್ತಾ ಅವಳನ್ನು ಒಲಿಸಿಕೊಂಡಿದ್ದವು. ನಲ್ಲಿಯ ಹಾಡನ್ನು ಪಾತ್ರೆ ತೊಳೆಯುವಾಗ ತಾನೇ ಗುನುಗುತ್ತಿದ್ದಳು. ಕೊನೆಯದು ಬಂದರೆ ಮಾತ್ರ ಟೇಪು ನಿಲ್ಲಿಸುತ್ತಿದ್ದಳು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಇತ್ತ ಅಂಜನಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಹಿಂಡಿ ಅಂಗಡಿಯಲ್ಲಿ, ಮಾರಮ್ಮನ ಗುಡಿಯಲ್ಲಿ, ಸೊಪ್ಪಿನವಳ ಹತ್ತಿರ, ಎಲ್ಲ ಕಡೆ ಒಂದೇ ಸುದ್ದಿ. "ನನ್ನ ದನಿ ಕ್ಯಾಸೆಟ್ಟಿಗೆ ಹಾಕವ್ರೆ." ದಿನಾ ರಾತ್ರಿ ಮಗಳನ್ನು ಕೇಳುವಳು. "ಬಂತೇನವ್ವ ಆ ಹುಡ್ಗರ ಕ್ಯಾಸೆಟ್ಟು? ನಿಂಗೆ ಇವೆಲ್ಲ ಗೊತ್ತಾಗುತ್ತಲ್ಲ." ವನಜಾಕ್ಷಿ "ಇನ್ನೂ ಇಲ್ಲವ್ವ" ಎನ್ನುವಳು, ಕ್ಯಾಸೆಟ್ಟನ್ನು ಸೀರೆಯ ಮಡಿಕೆಯೊಳಗೆ ಇನ್ನೂ ಕೆಳಗೆ ತಳ್ಳುವಳು.

ಒಂದು ಭಾನುವಾರ ಬೆಳಿಗ್ಗೆ ಅಂಜನಮ್ಮ ಹಸುವಿನ ಹಗ್ಗ ಕಟ್ಟುವುದನ್ನೂ ಮರೆತು ಒಳಗೆ ಬಂದಳು. ಸೆರಗಿನ ಗಂಟಿನಲ್ಲಿ ಚೌಕನೆಯದೇನೋ. ಬಿಚ್ಚಿದಳು. ಹೊಸ ಕ್ಯಾಸೆಟ್ಟು.

"ಆ ಮನೆ ಹುಡ್ಗಿ ಕೊಟ್ಟಳು ಕಣೆ. ಅಣ್ಣ ಕೊಡಕ್ಕೇಳವ್ನೆ ಅಂದ್ಲು. ಕಾಸು ಕೊಡೋಕೋದ್ರೆ ಬೇಡ ಅಂದ್ಲು. ಸಾಯಂಕಾಲ ಅಕ್ಕಪಕ್ಕದೋರೆಲ್ಲ ಬತ್ತಾರೆ, ನೀನು ಎಲ್ಲೂ ಹೋಗ್ಬೇಡ. ಡಬ್ಬಕ್ಕೆ ಬ್ಯಾಟ್ರಿ ಐತಾ?"

ಬ್ಯಾಟರಿ ಇಲ್ಲ ಎನ್ನಬಹುದಿತ್ತು. ಕೆಟ್ಟಿದೆ ಎನ್ನಬಹುದಿತ್ತು. ಅವ್ವನ ಮುಖ ನೋಡಿದವಳಿಗೆ ಯಾವ ಸುಳ್ಳೂ ಬಾಯಿಗೆ ಬರಲಿಲ್ಲ. ಹೇಳಬೇಕಾಗಿದ್ದ ಸುಳ್ಳುಗಳನ್ನೆಲ್ಲ ಬೇರೆಡೆ ಖರ್ಚುಮಾಡಿಯಾಗಿತ್ತು.

ಸಂಜೆ ಅಂಜನಮ್ಮ ತಲೆಗೆ ನೀರೆರೆದುಕೊಂಡು, ಹಬ್ಬಕ್ಕೆ ಉಡುವ ಸೀರೆ ಉಟ್ಟು, ಕಡಲೆಕಾಳಿನ ಉಸಲಿ ಮಾಡಿಟ್ಟಳು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಸೊಸೆಯೊಂದಿಗೆ ಬಂದು ಚಾಪೆಯ ನಡುವೆ ಕುಳಿತಳು. ಎದುರು ಮನೆಯ ಸೈಕಲ್ ಶಾಪಿನ ದೊಡ್ಡಣ್ಣ ಬಾಗಿಲಿಗೊರಗಿ ನಿಂತ.

"ಹಾಕವ್ವ ನಮ್ಮ ಅಂಜನಮ್ಮನ ಪಿಚ್ಚರ್ರು" ಎಂದ ದೊಡ್ಡಣ್ಣ.

ವನಜಾಕ್ಷಿ ಗುಂಡಿ ಒತ್ತಿದಳು. ಗಿಟಾರು ಕಿರುಚಿತು.

"ಅಯ್ಯೋ ಶಿವನೆ, ಯಾರಾದ್ರೂ ಹೊಡೀತಾವ್ರಾ ಆ ಹುಡ್ಗನ್ನ?" ಎಂದಳು ಗಂಗಲಕ್ಷ್ಮಮ್ಮ.

"ಸುಮ್ಕಿರೇ. ಅದು ಹಂಗೇಯ. ದೊಡ್ಡೋರ ಹಾಡು ಅಂದ್ರೆ ಹಂಗೇ ಇರೋದು" ಎಂದು ಅಂಜನಮ್ಮ ಗದರಿದಳು. ನಲ್ಲಿಯ ಹಾಡು ಬಂದಾಗ ಸೊಸೆ ಮುಗುಳ್ನಕ್ಕಳು. ಸೈರನ್ನಿನ ಹಾಡಿಗೆ ದೊಡ್ಡಣ್ಣ ತಲೆ ಆಡಿಸಿದ. ಒಂದು ಬದಿ ಮುಗಿಯಿತು, ಕ್ಯಾಸೆಟ್ಟು ತಿರುಗಿಸಿದ್ದಾಯಿತು. ಅಂಜನಮ್ಮ ಒಂದು ಕಾಳೂ ಬಾಯಿಗಿಡದೆ ಮೊಣಕಾಲ ಮೇಲೆ ಕೈಕಟ್ಟಿ ಕುಳಿತಿದ್ದಳು. ಪ್ರತಿ ಹಾಡು ಮುಗಿದಾಗಲೂ "ಇದಾದ್ಮೇಲೆ ಬತ್ತದೆ" ಎನ್ನುವಳು.

ಕೊನೆಯ ಹಾಡು. ಠಣ್ ಎನ್ನುವ ಸದ್ದಿಲ್ಲ. ಡ್ರಮ್ಮಿನ ಮೇಲೆ ಕುಂಚದಲ್ಲಿ ಸವರಿದಂತೆ ಚೊರ್ ಚೊರ್. ಅಂಜನಮ್ಮ ಬೆರಳೆತ್ತಿದಳು.

"ಬಂತು! ಇದು ನಮ್ಮ ಚೊಂಬು. ಕೇಳ್ರೇ, ಈಗ ನಾನು ಮಾತಾಡ್ತೀನಿ."

ಎಲ್ಲರೂ ಮುಂದಕ್ಕೆ ಬಾಗಿದರು. ಗಿಟಾರು ಉಕ್ಕಿತು, ಪದ್ಮನಾಭ ಹಾಡಿದ, ಹಾಡು ಇಳಿಯಿತು. ಅಂಜನಮ್ಮನ ಬೆರಳು ಹಾಗೇ ಮೇಲೆ ನಿಂತಿತ್ತು. ಹಾಡು ನಿಂತ ಮೇಲೂ, ಬರಿಯ ಟೇಪು ಸುತ್ತುವ ಸುಯ್ ಸದ್ದಿನಲ್ಲೂ, ಅವಳು ಬೆರಳು ಇಳಿಸಲಿಲ್ಲ.

ಟಕ್.

"ಎಲ್ಲೇ ಅಂಜನಮ್ಮ ನಿನ್ನ ದನಿ?" ಎಂದಳು ಗಂಗಲಕ್ಷ್ಮಮ್ಮ. "ಹಸಾನೂ ಇಲ್ಲ, ನೀನೂ ಇಲ್ಲ!"

ಅಂಜನಮ್ಮ ಎತ್ತಿದ ಬೆರಳನ್ನು ತಲೆಗೆ ಒಯ್ದು ಕೂದಲು ಸರಿಮಾಡಿಕೊಂಡು ನಕ್ಕಳು. "ಬಂತಲ್ಲೇ! ಆ ಗದ್ದಲದ ಒಳಗಡೆ ಸಣ್ಣಕೆ ಬಂತು. ಕಿವೀನ ಮನೇಲಿಟ್ಟು ಬಂದಿದ್ಯಾ? ಅಲ್ವೇನವ್ವ ವನಜ, ನಿಂಗೆ ಕೇಳಿಸ್ತಲ್ಲ?"

ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು.

"ಹೂಂ.... ಕೇಳಿಸ್ತು" ಎಂದಳು ವನಜಾಕ್ಷಿ.

"ಓದಿದ ಕಿವಿಗೆ ಕೇಳಿಸ್ತದೆ ಬಿಡು, ನಮ್ದು ಹಳೇ ಕಿವಿ" ಎಂದು ದೊಡ್ಡಣ್ಣ ಉಸಲಿಯ ತಟ್ಟೆಗೆ ಕೈಹಾಕಿದ.

ಅವರೆಲ್ಲ ಹೋದ ಮೇಲೆ ಅಂಜನಮ್ಮ ತಟ್ಟೆಗಳನ್ನು ಒಂದರೊಳಗೊಂದು ಇಟ್ಟಳು. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, ಸೆರಗಿನಿಂದ ಒರೆಸಿ, ದೇವರ ಗೂಡಿನ ಪಕ್ಕ ಇಟ್ಟಳು. ಬೆನ್ನು ತಿರುಗಿಸಿಯೇ ಹೇಳಿದಳು.

"ನಾಳೆ ಆ ಹುಡ್ಗನ್ನೇ ಕೇಳ್ತೀನಿ. ಯಾಕಪ್ಪ, ನನ್ನ ದನಿ ಸರಿಯಾಗಿ ಹಿಡೀಲಿಲ್ವಾ ಅಂತ."

"ಬೇಡ!"

ಮಾತು ಅಳೆಯುವ ಮುಂಚೆಯೇ ಹೊರಬಿದ್ದಿತ್ತು. ಅಂಜನಮ್ಮ ತಿರುಗಿದಳು.

"ಯಾಕೆ?"

"ಅವರಿಗೆ... ಮುಜುಗರ ಆಗ್ಬೋದು ಅಂತ."

"ಅವ್ರಿಗಾ?"

ಅಷ್ಟೇ ಕೇಳಿದಳು. ವನಜಾಕ್ಷಿ ಚಾಪೆಯ ಅಂಚಿನ ನಾರು ಕೀಳುತ್ತಾ ಕುಳಿತಳು. ಅಂಜನಮ್ಮ ನೆಲದ ಮೇಲೆ ಬಿದ್ದಿದ್ದ ಕಡಲೆಕಾಳೊಂದನ್ನು ಎತ್ತಿ ತಟ್ಟೆಗೆ ಹಾಕಿದಳು.

"ಹೋದ ವರ್ಷ ಮಳೇಲಿ ಅವರ ಜಗಲಿ ಮೇಲೆ ಒಂದು ಕೊಡೆ ಇತ್ತು. ಹಿಡಿ ಮುರಿದೋಗಿತ್ತಲ್ಲ ನಿಂದು, ನಾನೇ ನೀಲಿ ದಾರ ಸುತ್ತಿ ಕೊಟ್ಟಿದ್ನಲ್ಲ, ಅದು. ಆ ಅಮ್ಮ, ಯಾರದ್ದೇ ಇದು, ನಿಂಗೇನಾದ್ರೂ ಗೊತ್ತಾ ಅಂದ್ರು. ನಂಗೆಂಗೆ ಗೊತ್ತಾಗ್ಬೇಕು ತಾಯಿ ಅಂದೆ."

"ಅವ್ವಾ..."

"ನಿಂಗೋಸ್ಕರ ಅಂದೆ ಅಂತ ತಿಳ್ಕಬೇಡ. ಆ ಮನೇಲಿ ನನ್ನ ಹಾಲಿಗೆ ನೀರು ಅಂತಾರೆ. ಅಂಥೋರ ಮುಂದೆ ನನ್ನ ಮಗಳ ಕೊಡೆ ಅಂದಿದ್ರೆ, ನಾಳೆ ನಿನ್ನ ಓದಿಗೂ ನೀರು ಬೆರೆಸೈತೆ ಅಂದಾರು. ಅದಕ್ಕೆ." ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. "ಕೇಳಲ್ಲ ಬಿಡು. ಒಂದು ದನಿ ತಾನೆ. ಹಾಲು ಕರೆಯೋ ಹೊತ್ತಾಯ್ತು."

ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.

ವನಜಾಕ್ಷಿ ಕುಳಿತಲ್ಲಿಂದ ಏಳಲಿಲ್ಲ. ಇನ್ನೂ ಕೆಟ್ಟುಹೋಗಿಲ್ಲ, ಸರಿಮಾಡಬಹುದು ಎಂದು ಅವಳಿಗೆ ಗೊತ್ತಿತ್ತು. ದನಿಯಿದ್ದ ಮೊದಲ ಟೇಪು ಪದ್ಮನಾಭನ ಬಳಿ ಇದೆ. ದಸರೆಗೆ ಇನ್ನಷ್ಟು ಕ್ಯಾಸೆಟ್ಟು ಮಾಡಿಸುತ್ತಾರಂತೆ. ಅವನಿಗೆ ಒಂದು ಮಾತು ಹೇಳಿದರೆ ಸಾಕು, ದನಿ ಹಾಡಿಗೆ ವಾಪಸ್ಸು ಬರುತ್ತದೆ. ದೊಡ್ಡ ಮಾತೂ ಅಲ್ಲ. ಅದು ನಮ್ಮವ್ವ. ಬಾಯೊಳಗೇ ಹೇಳಿ ನೋಡಿದಳು. ಅಲಮೇಲು ಅವರ ಹುಬ್ಬು ಮೇಲೇರುವುದು ಕಂಡಿತು. ವತ್ಸಲಾ ಕಳೆದ ಭಾನುವಾರಗಳನ್ನೆಲ್ಲ ನೆನೆಸಿಕೊಳ್ಳುವುದು ಕಂಡಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಹಾಲಿನವಳ ಮಗಳು ಎನ್ನಿಸಿಕೊಳ್ಳುವುದು ಈಗ ಅಷ್ಟೇನೂ ದೊಡ್ಡದಾಗಿ ತೋರಲಿಲ್ಲ. ತಡೆಯಲಾಗದ್ದು ಪದ್ಮನಾಭ. ಅವನು ಆ ಸಂಜೆಯ ಮಾತನ್ನು ನೆನೆಯುತ್ತಾನೆ. ಅವರಿಗೇನು ಗೊತ್ತಾಗತ್ತೆ, ಕ್ಯಾಸೆಟ್ಟು ಅಂದ್ರೇನು ಅಂತ. ಹೇಳಿದ್ದು ಯಾರು, ಯಾರ ಬಗ್ಗೆ ಎಂದು ಅವನಿಗೆ ತಿಳಿಯುತ್ತದೆ. ಅವ್ವನ ಬಗ್ಗೆ ಇದ್ದ ನಾಚಿಕೆಯಿಂದ ಎರಡು ವರ್ಷ ಬಾಗಿಲು ಹಾಕಿ ಇಟ್ಟಿದ್ದಳು. ತನ್ನ ಬಗ್ಗೆ ಹುಟ್ಟಿದ ಈ ನಾಚಿಕೆ ಅದೇ ಬಾಗಿಲಿಗೆ ಇನ್ನೊಂದು ಬೀಗ ಜಡಿಯಿತು.

ಕೊಟ್ಟಿಗೆಯಲ್ಲಿ ಚೊಂಬು ಬೋರಲಾಗಿ ತಟ್ಟಿಸಿಕೊಳ್ಳಲಿಲ್ಲ. ಮನೆಯ ಹಾಲಿಗೆ ಅದರ ಅಗತ್ಯವಿರಲಿಲ್ಲ. ಹಾಲಿನ ಧಾರೆ ಮಾತ್ರ ಕೇಳುತ್ತಿತ್ತು, ಹಾಡಿನ ಲಯದಲ್ಲೇ. ಅದು ನಿಂತಿತು. ಅವ್ವ ಹಸುವಿಗೆ ಮೆಲ್ಲಗೆ ಹೇಳಿದಳು.

"ಸಾಕು ಬಿಡವ್ವ. ಉಳಿದಿದ್ದು ಕರೂಗೆ."

ವನಜಾಕ್ಷಿ ಎದ್ದು, ಸೀರೆಯ ಮಡಿಕೆಯಿಂದ ತನ್ನ ಕ್ಯಾಸೆಟ್ಟನ್ನು ತೆಗೆದು, ಅವ್ವನದರ ಕೆಳಗೆ ಇಟ್ಟಳು. ಕೇಳಿದರೆ ಎರಡನೆಯದೂ ಯಾರೋ ಕೊಟ್ಟರೆನ್ನಬಹುದು. ಪದ್ಮನಾಭನಿಗೆ ಹೇಳುವುದಿಲ್ಲ, ವತ್ಸಲಾಗೆ ಹೇಳುವುದಿಲ್ಲ. ಅವ್ವ ಹಾಲು ಹಿಡಿದು ಹೊಸಿಲು ದಾಟುವಷ್ಟರಲ್ಲಿ ಅದನ್ನೂ ತೀರ್ಮಾನಿಸಿದ್ದಳು. ದನಿ ತೆಗೆಸಿದ್ದು ತಾನೆಂದು ಅವ್ವನಿಗೂ ಹೇಳುವುದಿಲ್ಲ.